ಕೋಸು ಊಟ

ಅಪ್ಪ ಮತ್ತೆ ಬಾಯಿ ಮುಚ್ಚಿಕೊಂಡ. ಹಿಂದೆ ಸಂಜೆ ಹೊತ್ತು ತನ್ನ ಮಟನ್ ಅಂಗಡಿಯ ಶಟರ್ ಎಳೆಯುತ್ತಿದ್ದನಲ್ಲ, ಹಾಗೆ. ಒಮ್ಮೆ ಎಳೆದನೆಂದರೆ ಯಾವ ಗಿರಾಕಿ ಬಂದು ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ. ಈಗ ಹೊರಗೆ ನಿಂತ ಗಿರಾಕಿ ನಾನು. ಕೈಯಲ್ಲಿ ಚಮಚ, ಚಮಚದ ತುಂಬ ಬೆಣ್ಣೆ ಹಾಕಿ ನುಣ್ಣಗೆ ಅರೆದ ಎಲೆಕೋಸು.

“ನೀನೇ ಕೇಳಿದ್ದಲ್ವಾ ಅಪ್ಪ? ನಾನೇನು ನನ್ನ ತೆವಲಿಗೆ ಮಾಡ್ಕೊಂಡು ಬಂದಿದೀನಾ?”

ಅವನು ನನ್ನ ಮುಖವನ್ನೇ ನೋಡಿದ. ಬಲಗಡೆಗೆ ಜೋತುಬಿದ್ದ ತುಟಿಯನ್ನು ಕಷ್ಟಪಟ್ಟು ಕೂಡಿಸಿಕೊಂಡು, “ಕೋಸು ಓಟ,” ಎಂದ.

“ಕೋಸೇ ಕಣಪ್ಪ. ಇದೇ ಕೋಸು, ಇದೇ ಊಟ. ಬಾಯಿ ತೆಗಿ.”

ತೆಗೆಯಲಿಲ್ಲ. ಮುಖ ಗೋಡೆಯ ಕಡೆ ತಿರುಗಿತು. ಚಮಚವನ್ನು ತಟ್ಟೆಗೆ ಎಸೆದು ನಾನು ಅಡುಗೆಮನೆಗೆ ಬಂದೆ. ಆ ಸದ್ದಿಗೆ ಮೇಲಿನ ಮಹಡಿಯ ಟೈಲರಮ್ಮನ ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಅಂದು ಗುರುವಾರ. ಸೋಮವಾರ ಅಪ್ಪನನ್ನು ಆಸ್ಪತ್ರೆಗೆ ತೋರಿಸಬೇಕಿತ್ತು.

ಲಕ್ವ ಹೊಡೆದಾಗ ಅಪ್ಪನ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಅದರಲ್ಲೇ ಊಟ ಬಿಟ್ಟರು. ಅಪ್ಪ ಎಡಗೈಯಿಂದ ಅದನ್ನು ಕಿತ್ತು ಎಸೆದ. ಮತ್ತೆ ಹಾಕಿದರು, ಮತ್ತೆ ಕಿತ್ತ, ಮೂಗಿನಲ್ಲಿ ರಕ್ತ ಬಂತು. ಆಮೇಲೆ ಆ ಎಡಗೈಯನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿಹಾಕಿದರು. ಅವರದೂ ತಪ್ಪಿಲ್ಲ, ಬೇರೆ ದಾರಿ ಇರಲಿಲ್ಲ. ಆದರೆ ನಾನು ಅದನ್ನು ನೋಡಿದೆ. ಜೀವಮಾನವಿಡೀ ಆಡು ಕುರಿಗಳ ಕಾಲು ಕಟ್ಟಿದ ಮನುಷ್ಯ, ತನ್ನ ಕೈ ಕಟ್ಟಿಸಿಕೊಂಡು ನನ್ನನ್ನೇ ನೋಡುತ್ತ ಮಲಗಿದ್ದ. ಬಿಚ್ಚು ಎಂದು ಕೇಳಲು ಅವನಿಗೆ ಮಾತಿರಲಿಲ್ಲ. ನಾನು ಅವನ ಕಿವಿಯ ಹತ್ತಿರ ಬಗ್ಗಿ, “ಇನ್ನೊಂದ್ಸಲ ಕಟ್ಟೋಕೆ ಬಿಡಲ್ಲ ಅಪ್ಪ,” ಎಂದು ಮಾತು ಕೊಟ್ಟೆ.

ಮನೆಗೆ ಕಳಿಸುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಗಂಟಲು ಈಗ ಪರವಾಗಿಲ್ಲ, ನುಂಗಬಲ್ಲರು. ಏನು ಕೊಟ್ಟರೂ ಮೆತ್ತಗೆ, ಮಂದವಾಗಿ ಇರಲಿ. ಸೋಮವಾರದೊಳಗೆ ಬಾಯಲ್ಲಿ ತಿನ್ನುವುದು ಶುರುವಾಗದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕು, ಮತ್ತೆ ನಳಿಕೆ.

“ಕೈ?” ಎಂದು ಕೇಳಿದೆ.

“ಕಟ್ಟಲೇಬೇಕಾಗುತ್ತೆ,” ಎಂದರು.

ಬಸ್ ಡಿಪೋ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು ನಾನು. ಬೆಳಗಿನ ಪಾಳಿಯ ಡ್ರೈವರುಗಳು ನನ್ನ ಕೈ ಊಟ ಮಾಡಿಯೇ ಬಸ್ಸು ಹತ್ತುವುದು. ಮನೆಯಲ್ಲಿ ಹೆಂಡತಿ ಜತೆ ಮುನಿಸಿಕೊಂಡು ಬಂದವನು, ಹಲ್ಲುನೋವಿನವನು, ಹಸಿವಿಲ್ಲ ಎಂದು ಮೂಗು ಮುರಿಯುವವನು, ಎಲ್ಲರ ತಟ್ಟೆಯೂ ಖಾಲಿಯಾಗಿಯೇ ವಾಪಸು ಬರುತ್ತದೆ. ಒಬ್ಬ ಮುದುಕನಿಗೆ ನಾಲ್ಕು ತುತ್ತು ತಿನ್ನಿಸುವುದು ಯಾವ ಮಹಾ ಕೆಲಸ ಎಂದುಕೊಂಡೇ ನಾನು ಅಪ್ಪನನ್ನು ಮನೆಗೆ ಕರೆತಂದಿದ್ದೆ.

ಮೊದಲ ದಿನ ಎಲುಬಿನ ಸೂಪ್ ಮಾಡಿದೆ. ಬೆಳಿಗ್ಗೆಯಿಂದ ಸಣ್ಣ ಉರಿಯಲ್ಲಿಟ್ಟು, ಹಿಟ್ಟು ಕದಡಿ ಮಂದ ಮಾಡಿ ತಂದರೆ ಅಪ್ಪ ಮುಖ ತಿರುಗಿಸಿದ. ಎಲುಬಿನ ಸೂಪಿಗೆ ಮುಖ ತಿರುಗಿಸಿದನೆಂದರೆ ನಂಬಲಿಕ್ಕೆ ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಮೊಟ್ಟೆ ಬೇಯಿಸಿ ಹಾಲಿನಲ್ಲಿ ಕಿವುಚಿ ತಂದೆ. ಅದೂ ಬೇಡ. ನೀರು ಮಾತ್ರ ಕೇಳುತ್ತಿದ್ದ, ಅದನ್ನೂ ಆಸ್ಪತ್ರೆಯವರು ಕೊಟ್ಟ ಪುಡಿ ಕದಡಿ ಮಂದ ಮಾಡಿಯೇ ಕುಡಿಸುತ್ತಿದ್ದೆ. ನೀರಿಗೆ ‘ನೇರು’ ಎನ್ನುತ್ತಿದ್ದ, ಸೊಟ್ಟ ಬಾಯಿಗೆ ಬರುತ್ತಿದ್ದದ್ದೇ ಅಷ್ಟು. ಕತ್ತಲಾದರೆ ‘ದೇಪ’ ಎನ್ನುತ್ತಿದ್ದ, ನಾನು ಎದ್ದು ದೀಪ ಹಾಕುತ್ತಿದ್ದೆ. ಅವನ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೂ ನನಗೆ ಆಗುತ್ತದೆ ಎಂದು ಒಂದಿಷ್ಟು ಜಂಬವೂ ಇತ್ತು.

ಹಾಲಿನ ಬಟ್ಟಲನ್ನು ಪಕ್ಕಕ್ಕಿಟ್ಟು ನಾನು ಏಳುವಾಗ ಅವನು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. “ಕೋಸು ಓಟ,” ಎಂದ.

ಮಲಗಿದಲ್ಲೇ ಮಲಗಿದವನು ಓಡುವ ಮಾತಾಡುತ್ತಾನೆಯೇ? ಓಟವೆಂದರೆ ಊಟ. ಅದು ತಕ್ಷಣ ಗೊತ್ತಾಯಿತು. ಆದರೆ ಕೋಸು?

ನನ್ನ ಅಪ್ಪ ಮತ್ತು ಎಲೆಕೋಸು ಎಂದರೆ ಹೇಳಲೇಬೇಕು. ಅಮ್ಮ ಬದುಕಿದ್ದಾಗ, ಕೋಸು ಬೇಯುವ ವಾಸನೆ ಬಂದ ದಿನ ಅವನು ಅಂಗಡಿಯಲ್ಲೇ ಏನಾದರೂ ಸುಟ್ಟುಕೊಂಡು ತಿಂದು ಬರುತ್ತಿದ್ದ. ಕೋಸು ಒಂದೇ ಅಲ್ಲ, ಹಸಿರಾಗಿರುವುದು ಯಾವುದೂ ಆಗುತ್ತಿರಲಿಲ್ಲ. “ಆಡು ಸೊಪ್ಪು ತಿನ್ನುತ್ತೆ, ನಾನು ಆಡು ತಿಂತೀನಿ. ಸೊಪ್ಪು ನನ್ನ ಹೊಟ್ಟೆಗೆ ಬಂತೋ ಇಲ್ವೋ?” ಎನ್ನುತ್ತಿದ್ದ. ಅಮ್ಮ ಮಾಂಸದ ಮಧ್ಯೆ ಬಚ್ಚಿಟ್ಟು ಬಡಿಸಿದ ಕೋಸಿನ ಚೂರುಗಳನ್ನು, ಕೈಮಾದಿಂದ ಎಲುಬಿನ ಚೂರು ಆರಿಸುವಷ್ಟು ನಾಜೂಕಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ. ಅಮ್ಮ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಅವನು ಕೇಳಿಸದವನಂತೆ ಕೂತಿರುತ್ತಿದ್ದ.

ಅಂಥವನು ಕೋಸು ಕೇಳುತ್ತಿದ್ದಾನೆ. ಲಕ್ವ ಹೊಡೆದವರಿಗೆ ನಾಲಿಗೆಯ ರುಚಿಯೇ ಬದಲಾಗಬಹುದು ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದು ನೆನಪಾಯಿತು. ನನಗೆ ಅಳುವಷ್ಟು ಸಂತೋಷವಾಯಿತು. “ಈಗ ತರ್ತೀನಿ ಅಪ್ಪ, ಈಗಲೇ,” ಎಂದು ಅವನ ಕೈ ಬಿಡಿಸಿಕೊಂಡು ಸಂತೆಬೀದಿಗೆ ಓಡಿದೆ.

ಮೊದಲು ಮಾಡಿದ್ದು ಸಾದಾ. ಎಲೆಕೋಸಿಗೆ ಕೆಟ್ಟ ಹೆಸರು ಬಂದಿರುವುದು ಅದರ ತಪ್ಪಿನಿಂದಲ್ಲ, ಬೇಯಿಸುವವರ ಸೋಮಾರಿತನದಿಂದ. ಮುಚ್ಚಳ ಮುಚ್ಚಿ ಗಂಟೆಗಟ್ಟಲೆ ಕುದಿಸಿದರೆ ಬೀದಿಯ ತುದಿಯವರೆಗೂ ನಾರುತ್ತದೆ. ನಡುವಿನ ದಿಂಡು ತೆಗೆದು, ದಪ್ಪ ನರಗಳನ್ನು ಕೆತ್ತಿ ಹಾಕಿ, ಎಲೆಯನ್ನು ದಾರದಷ್ಟು ಸಣ್ಣಗೆ ಹೆಚ್ಚಿ, ಕುದಿಯುವ ನೀರಿನಲ್ಲಿ ಮುಚ್ಚಳವಿಲ್ಲದೆ ಮೆತ್ತಗಾಗುವಷ್ಟೇ ಬೇಯಿಸಿ ತೆಗೆದರೆ ವಾಸನೆಯೇ ಇರುವುದಿಲ್ಲ. ಆಮೇಲೆ ಬೆಂದ ಆಲೂಗಡ್ಡೆ, ಬೆಣ್ಣೆ, ಚಿಟಿಕೆ ಕಾಳುಮೆಣಸು ಸೇರಿಸಿ ಅರೆದೆ. ಮಗುವಿಗೂ ಕೊಡಬಹುದು, ಅಷ್ಟು ನುಣುಪು. ಅಪ್ಪ ತಟ್ಟೆ ನೋಡಿದ, ನನ್ನನ್ನು ನೋಡಿದ, ಬಾಯಿ ಮುಚ್ಚಿದ.

ಸರಿ, ಸಪ್ಪೆಯಾಯಿತೇನೋ. ಮರುದಿನ ಬೆಣ್ಣೆಯಲ್ಲಿ ಈರುಳ್ಳಿ ಹಾಕಿ, ಕೋಸನ್ನು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬಾಡಿಸಿದೆ. ಬಾಡಿಸುತ್ತ ಹೋದರೆ ಅದರ ನೀರೆಲ್ಲ ಆರಿ, ಬಣ್ಣ ಕಂದಾಗಿ, ಸಕ್ಕರೆ ಹಾಕಿದರೇನೋ ಎಂಬಷ್ಟು ಸಿಹಿಯಾಗುತ್ತದೆ. ಅದಕ್ಕೆ ಹಾಲು ಬೆರೆಸಿ ಅರೆದೆ. ಬೇಡ. ಆಮೇಲೆ ಮೊಟ್ಟೆ ಒಡೆದು ಹಾಕಿ ಹಬೆಯಲ್ಲಿ ಬೇಯಿಸಿದೆ, ಚಮಚ ಮುಟ್ಟಿಸಿದರೆ ನಡುಗುವ ಹಾಗೆ ಬಂತು. ಬೇಡ. ಹುಳಿ ಬೇಕಾಗಿರಬಹುದೆಂದು ಸೇಬಿನ ಹಣ್ಣು ತುರಿದು, ವಿನೆಗರ್ ಬಿಟ್ಟು ಬೇಯಿಸಿದೆ. ಬೇಡ. ಆದರೆ ಪ್ರತಿ ಸಲ ನಾನು ತಟ್ಟೆ ಹಿಡಿದು ಏಳುವಾಗಲೂ ಅದೇ ಮಾತು, “ಕೋಸು ಓಟ.” ಬೇರೆ ಯಾವುದೋ ರೀತಿಯ ಅಡುಗೆ ಕೇಳುತ್ತಿದ್ದಾನೆ ಎಂದುಕೊಂಡು ನಾನು ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದೆ.

“ಮನೇಲಿ ಮೊಲ ಸಾಕಿದೀರಾ ಅಕ್ಕ?” ಎಂದು ಕೇಳಿದ ತರಕಾರಿಯವನು.

“ಹೂಂ, ಒಂದು ಮುದಿ ಮೊಲ. ತಿನ್ನಲ್ಲ, ಬರೀ ಕೇಳುತ್ತೆ,” ಎಂದೆ.

ಡಿಪೋದಲ್ಲಿ ಸುದ್ದಿ ಹಬ್ಬಿ ಎಲ್ಲರೂ ಬಾಣಸಿಗರಾದರು. ಸದಾ ಗಟ್ಟಿಯಾಗಿ ಮಾತಾಡುವ ಒಬ್ಬ ಡ್ರೈವರ್ ಇದ್ದಾನೆ, ಅವನನ್ನು ಎಲ್ಲರೂ ಹಾರನ್ ಎಂದೇ ಕರೆಯುವುದು. ಅವನು ತಟ್ಟೆ ಬಿಟ್ಟು ಎದ್ದು ಬಂದು ಕೌಂಟರಿಗೆ ಒರಗಿ ನಿಂತ.

“ಮಟನ್ ಅಂಗಡಿ ಯಜಮಾನ್ರಿಗೆ ಬರೀ ಸೊಪ್ಪು ಕೊಟ್ರೆ ಎಲ್ಲಿ ತಿಂತಾರೆ ಅಕ್ಕ? ಎಲೆ ಒಳಗೆ ಕೈಮಾ ಸುತ್ತಿ ಬೇಯ್ಸಿ. ಹೊರಗೆ ಕೋಸು, ಒಳಗೆ ಮಟನ್. ಅವರ ಮಾತೂ ಉಳೀತು, ಮರ್ಯಾದೇನೂ ಉಳೀತು.”

ಅದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಂದು ಬೇಗ ಕೆಲಸ ಮುಗಿಸಿ ಬಂದು, ಅಪ್ಪನ ಮಚ್ಚನ್ನೇ ತೆಗೆದು, ಮಾಂಸವನ್ನು ಅವನು ಕೊಚ್ಚುತ್ತಿದ್ದಂತೆ ಮರದ ದಿಮ್ಮಿಯ ಮೇಲೆ ಕೊಚ್ಚಿದೆ. ಆ ಸದ್ದು ಕೇಳಿದರೆ ಅವನಿಗೆ ಹಸಿವಾಗಬಹುದೆಂಬ ಆಸೆ. ಎಲೆಗಳನ್ನು ಬಿಸಿನೀರಿನಲ್ಲಿ ಬಾಡಿಸಿ, ಕೈಮಾ ಇಟ್ಟು ಮಡಚಿ, ಎಲುಬಿನ ರಸದಲ್ಲಿ ಮುಟ್ಟಿದರೆ ಬಿಟ್ಟುಹೋಗುವಷ್ಟು ಬೇಯಿಸಿ, ಕಿವುಚಿ ತಂದೆ. ಮನೆಯೆಲ್ಲ ಘಮಘಮ. ಟೈಲರಮ್ಮ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಮೆಟ್ಟಿಲಿಳಿದು ಬಂದಳು.

ಅಪ್ಪ ವಾಸನೆ ಎಳೆದುಕೊಂಡ. ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಬಾಯಲ್ಲಿ ನೀರು ಬಂದು ಜೋತ ತುಟಿಯ ಮೂಲೆಯಿಂದ ಇಳಿಯಿತು. ಚಮಚ ಹತ್ತಿರ ಒಯ್ದೆ. ಅವನು ತಲೆ ಆಚೆ ಎಳೆದುಕೊಂಡ. ಹಸಿವಿದೆ, ಬಾಯಲ್ಲಿ ನೀರಿದೆ, ಆದರೂ ತಿನ್ನುವುದಿಲ್ಲ. “ಕೋಸು ಓಟ,” ಎಂದ, ಈ ಸಲ ಸಿಟ್ಟಿನಿಂದ. ಎಡಗೈಯಿಂದ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದ. ಕೈಮಾ ನನ್ನ ಏಪ್ರನ್ನಿನ ಮೇಲೆ ಚೆಲ್ಲಿತು.

ನಾನು ನೆಲ ಒರೆಸುವಾಗ ಟೈಲರಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಡಿಪೋಗೆ ಹೋದಾಗ ಅಪ್ಪನ ಹತ್ತಿರ ಕೂರುವವಳು ಅವಳೇ, ಕೈ ಹೊಲಿಗೆಯ ಕೆಲಸವನ್ನು ಕೆಳಗೆ ತಂದುಕೊಂಡು.

“ನೀವಿಲ್ಲದಾಗ ಸುಮ್ನೇ ಇರ್ತಾರೆ,” ಎಂದಳು. “ನೇರು, ದೇಪ, ಅಷ್ಟೇ. ಈ ಕೋಸಿನ ಮಾತು ನೀವು ಬಾಗಿಲು ದಾಟಿ ಒಳಗೆ ಬಂದಾಗ್ಲೇ ಶುರು.”

“ನಾನು ಅಡುಗೆಯವಳಲ್ವಾ. ನನ್ನನ್ನ ನೋಡಿದ್ರೆ ಕೋಸೇ ನೆನಪಾಗೋದು.”

ಅವಳು ನಗಲಿಲ್ಲ. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದು ಅಳತೆ ನೋಡಿದಳು. “ಎಷ್ಟು ದೊಗಲೆ ಆಗಿದೆ ನೋಡಿ. ಬಿಚ್ಚಿ ಕೊಡಿ, ಹಿಡಿದು ಹೊಲೀತೀನಿ.”

“ಸೋಮವಾರ ಆಗ್ಲಿ,” ಎಂದೆ. ಎಲ್ಲದಕ್ಕೂ ಆಗ ನನ್ನ ಉತ್ತರ ಅದೊಂದೇ.

ಲಕ್ವ ಹೊಡೆಯುವ ಮೊದಲು ನಾನೂ ಅಪ್ಪನೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಉಣ್ಣುತ್ತಿದ್ದೆವು. ನಾನು ಬಡಿಸಿಕೊಂಡು ಮೊದಲ ತುತ್ತು ಬಾಯಿಗೆ ಇಡುವ ತನಕ ಅವನು ತಟ್ಟೆ ಮುಟ್ಟುತ್ತಿರಲಿಲ್ಲ. “ಉಪ್ಪು ಸರಿ ಇದೆಯಾ ಅಂತ ನನ್ನ ಮೇಲೆ ಪರೀಕ್ಷೆ ಮಾಡ್ತೀಯಾ?” ಎಂದು ನಾನು ರೇಗಿಸುತ್ತಿದ್ದೆ. ಈಗ ಆ ಮೇಜಿನ ಮೇಲೆ ಔಷಧಿ ಡಬ್ಬಿಗಳು ಕೂತಿದ್ದವು. ನಾನು ನಿಂತಲ್ಲೇ ಒಂದು ಬ್ರೆಡ್ ಚೂರು ಬಾಯಿಗೆ ಹಾಕಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ರುಚಿ ನೋಡಿ ನೋಡಿಯೇ ಹೊಟ್ಟೆ ಸತ್ತುಹೋಗಿತ್ತು.

ಶನಿವಾರ ನಾನು ಮಾಡಬಾರದ್ದನ್ನು ಮಾಡಿದೆ.

ಅಂದು ಮಾಡಿದ್ದು ಇಡೀ ಕೋಸನ್ನು ನಾಲ್ಕು ಸೀಳು ಮಾಡಿ ಕೆಂಡದ ಮೇಲೆ ಸುಟ್ಟದ್ದು. ಹೊರಗಿನ ಎಲೆ ಕರಿಯಾಗುವ ತನಕ ಸುಟ್ಟು, ಅದನ್ನು ಬಿಚ್ಚಿ ಎಸೆದರೆ ಒಳಗಿನದು ಬೆಣ್ಣೆಯಂತೆ ಆಗಿರುತ್ತದೆ, ಹೊಗೆಯ ವಾಸನೆಯೂ ಹಿಡಿದಿರುತ್ತದೆ. ಸುಟ್ಟದ್ದು ಅಪ್ಪನಿಗೆ ಪ್ರಾಣ. ನನ್ನ ಹತ್ತಿರ ಇದ್ದ ಕೊನೆಯ ಉಪಾಯ ಅದು. ಅವನು ಅದಕ್ಕೂ ತುಟಿ ಬಿಗಿದುಕೊಂಡಾಗ ನನ್ನ ತಲೆ ಕೆಟ್ಟುಹೋಯಿತು.

“ಏನಂದ್ಕೊಂಡಿದೀಯ ನೀನು? ಸೋಮವಾರ ಆಸ್ಪತ್ರೇಲಿ ಮತ್ತೆ ಕಟ್ಟಿಹಾಕ್ತಾರೆ, ಗೊತ್ತಾಗ್ತಿದೆಯಾ? ನಾನು ನೋಡ್ಕೊಂಡು ನಿಂತಿರ್ಬೇಕಾ? ಸಾಯ್ಬೇಕು ಅಂತ ಇದ್ರೆ ಹೇಳ್ಬಿಡು, ಈ ಕೋಸು ಕೋಸು ಅಂತ ನನ್ನ ಪ್ರಾಣ ಯಾಕೆ ತಿಂತೀಯ?”

ಅವನು ಏನೋ ಹೇಳಲು ಬಾಯಿ ತೆರೆದ. ನಾನು ಅದನ್ನೇ ಕಾಯುತ್ತಿದ್ದವಳು, ಗಬಕ್ಕನೆ ಚಮಚ ಒಳಗೆ ತುರುಕಿದೆ. ಅಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಕೆಮ್ಮು ಬಂತು, ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ನಾನು ಅವನನ್ನು ಎಬ್ಬಿಸಿ ಕೂರಿಸಿ, ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದೆ. ತುತ್ತು ಹೊರಗೆ ಬಿತ್ತು. ಸ್ವಲ್ಪ ಹೊತ್ತು ಇಬ್ಬರೂ ಏದುಸಿರು ಬಿಡುತ್ತ ಹಾಗೇ ಒರಗಿಕೊಂಡಿದ್ದೆವು. ಅವನ ಎಡಗೈಯ ಮಣಿಕಟ್ಟು ನನ್ನ ಮಡಿಲಲ್ಲಿತ್ತು. ಆಸ್ಪತ್ರೆಯ ಬಟ್ಟೆ ಬಿಗಿದ ಕಡೆ ಚರ್ಮ ಇನ್ನೂ ಕಂದಿತ್ತು. ಕಟ್ಟುವವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಎಂದು ಅನ್ನಿಸಿ, ಅವನ ಭುಜಕ್ಕೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ತಂಗಿಗೆ ಫೋನ್ ಮಾಡಿದೆ. “ಬಾರೇ. ನನ್ನ ಕೈಲಿ ಆಗ್ತಿಲ್ಲ,” ಎಂದೆ. ಹಾಗೆಂದು ನಾನು ಯಾರಿಗೂ ಹೇಳಿದವಳಲ್ಲ. ಮನೆಯ ದೊಡ್ಡ ಮಗಳು, ಹೆಸರೇ ದೊಡ್ಡೋಳು. ಅಮ್ಮನ ಕಾಯಿಲೆ, ಅಂಗಡಿಯ ವ್ಯವಹಾರ, ತಂಗಿಯ ಓದು, ಎಲ್ಲದಕ್ಕೂ ದೊಡ್ಡೋಳು ಇದಾಳಲ್ಲ ಎನ್ನುವುದೇ ನಮ್ಮ ಮನೆಯ ರೂಢಿ. ತಂಗಿ ಆ ಕಡೆಯಿಂದ ಒಂದು ಪ್ರಶ್ನೆಯನ್ನೂ ಕೇಳದೆ, “ಬೆಳಿಗ್ಗೆ ಬರ್ತೀನಿ ಅಕ್ಕ,” ಎಂದಳು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದಳು. ಹಾರನ್ನೇ ಆ ಬಸ್ಸಿನ ಡ್ರೈವರ್, ನಿಲ್ದಾಣವಲ್ಲದಿದ್ದರೂ ನಮ್ಮ ಬೀದಿಯ ಮೂಲೆಯಲ್ಲೇ ಇಳಿಸಿ ಹೋದ. ತಂಗಿ ಒಂದನೇ ತರಗತಿಯ ಟೀಚರ್. ಹಲ್ಲು ಬಿದ್ದ ಮಕ್ಕಳ ಮಾತು ಕೇಳಿಸಿಕೊಂಡು ಅಕ್ಷರ ತಿದ್ದುವುದು ಅವಳ ದಿನದ ಕೆಲಸ. ಬ್ಯಾಗು ಇಳಿಸಿ, ಕೈ ತೊಳೆದು, ಅಪ್ಪನ ಮಂಚದ ಮೇಲೆ ಕೂತಳು. ಅಪ್ಪನ ಕಣ್ಣು ಅರಳಿತು. “ಪೊಟ್ಟಿ,” ಎಂದ.

“ಪುಟ್ಟಿನೇ ಅಪ್ಪ. ಬಂದೆ,” ಎಂದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಇಷ್ಟು ದಿನದಲ್ಲಿ ನನ್ನನ್ನು ದೊಡ್ಡೋಳೇ ಎಂದು ಒಂದು ಸಲವೂ ಕರೆದಿರಲಿಲ್ಲ. ನನ್ನನ್ನು ಕಂಡರೆ ಕೋಸು, ಅವಳನ್ನು ಕಂಡರೆ ಪುಟ್ಟಿ. ಇರಲಿ, ತಿಂದರೆ ಸಾಕು ಎಂದುಕೊಂಡು ಒಲೆಯ ಮೇಲಿದ್ದ ಪಾತ್ರೆಯಿಂದ ತಟ್ಟೆಗೆ ಹಾಕಿ ತಂದೆ. ಬೆಣ್ಣೆಯಲ್ಲಿ ಕಂದಾಗಿ ಬಾಡಿಸಿ ಆಲೂಗಡ್ಡೆ ಜತೆ ಅರೆದ ಕೋಸು. ನನ್ನನ್ನು ಕಂಡದ್ದೇ ಅಪ್ಪ ತಲೆ ಎತ್ತಿದ. “ಕೋಸು ಓಟ?”

“ಕೇಳಿದ್ಯಾ? ದಿನಾ ಇದೇ ಜಪ. ಕೊಟ್ರೆ ತಿನ್ನಲ್ಲ.”

ತಂಗಿ ಹುಬ್ಬು ಗಂಟು ಹಾಕಿ ಅವನ ತುಟಿಯನ್ನೇ ನೋಡುತ್ತಿದ್ದಳು. “ಅಕ್ಕ, ನೀರಿಗೆ ಏನಂತಾರೆ?”

“ನೇರು.”

“ದೀಪಕ್ಕೆ?”

“ದೇಪ ಅಂತಾನೆ. ಯಾಕೆ?”

“ಊಟಕ್ಕೆ?”

“ಓಟ. ಏನೇ ಇದು, ನಂಗೇ ಪಾಠ ಶುರು ಮಾಡಿದ್ಯಾ?”

“ಊ ಅನ್ನೋಕೆ ಬಾಯಿ ಕೂಡ್ತಿಲ್ಲ, ಓ ಆಗ್ತಿದೆ,” ಎಂದಳು ನಿಧಾನವಾಗಿ. “ಊಟ ಓಟ ಆದ್ರೆ, ಕೋಸು ಯಾವುದರಿಂದ ಆಗಿದ್ದು?”

ನಾನು ತಟ್ಟೆ ಹಿಡಿದು ನಿಂತೇ ಇದ್ದೆ.

“ಕೋಸಲ್ಲ ಅಕ್ಕ. ಕೂಸು. ಕೂಸು ಊಟ ಆಯ್ತಾ ಅಂತ ಕೇಳ್ತಿದಾರೆ.”

ಓಟವ‌ನ್ನು ಊಟವೆಂದು ತಿದ್ದಿಕೊಂಡ ನನ್ನ ಕಿವಿ, ಅದರ ಪಕ್ಕದಲ್ಲೇ ಇದ್ದ ಕೋಸನ್ನು ತಿದ್ದಿಕೊಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಈ ಮನುಷ್ಯ ಕೋಸು ಕೇಳುತ್ತಾನೆಯೇ ಎಂದು ಒಮ್ಮೆಯಾದರೂ ಅನುಮಾನಪಡುತ್ತಿದ್ದರು. ಅಡುಗೆಯವಳ ಕಿವಿಗೆ ಅಡುಗೆಯೇ ಕೇಳಿಸಿತು. ಅವನು ಪ್ರಶ್ನೆ ಕೇಳಿದಾಗಲೆಲ್ಲ ನಾನು ಅವನ ಬಾಯಿಗೆ ಎಲೆಕೋಸು ಹಿಡಿದಿದ್ದೆ.

ಆದರೂ ಮೊದಲು ಬಂದದ್ದು ಸಂಕಟ. ಕೂಸು ಎಂದರೆ ಈ ಮನೆಯಲ್ಲಿ ಯಾರು? ಕಿರಿಯವಳು ತಾನೇ. ಉಸಿರು ಬಿಗಿಹಿಡಿದು ಒಲೆಯ ಮುಂದೆ ನಿಂತವಳು ನಾನು, ಅವನು ಅಷ್ಟೂ ದಿನ ಕೇಳಿದ್ದು ಅವಳ ಊಟ.

“ನಿನ್ನನ್ನೇ ಕಣೇ ಕೇಳ್ತಿರೋದು,” ಎಂದೆ. ಧ್ವನಿ ಒರಟಾಗಿಯೇ ಬಂತು. “ಹೇಳು. ಆಯ್ತು ಅಂತ ಹೇಳು, ತಿಂದ್ರೂ ತಿಂತಾನೆ.”

ತಂಗಿ ಅವನ ಕೈ ಹಿಡಿದುಕೊಂಡಳು. “ಅಪ್ಪ, ನಂದು ಊಟ ಆಯ್ತು. ಬರೋವಾಗ್ಲೇ ತಿಂದ್ಕೊಂಡು ಬಂದೆ.”

ಅಪ್ಪ ತಲೆಯಾಡಿಸಿದ, ಸರಿ ಸರಿ ಎನ್ನುವಂತೆ. ಅವಳ ಕೈಯನ್ನು ತಟ್ಟಿ ಪಕ್ಕಕ್ಕಿಟ್ಟ. ಆಮೇಲೆ ಅವಳನ್ನು ದಾಟಿ ನನ್ನ ಕಡೆ ನೋಡಿದ. “ಕೋಸು ಓಟ?”

ಆ ಮಾತಿನ ಕೊನೆ ಮೇಲಕ್ಕೆ ಎದ್ದದ್ದು ನನಗೆ ಮೊದಲ ಸಲ ಕೇಳಿಸಿತು. ಅದು ಪ್ರಶ್ನೆಯೇ ಆಗಿತ್ತು.

“ನಾನಲ್ಲ ಅಕ್ಕ,” ಎಂದಳು ತಂಗಿ. “ಅಪ್ಪ ನನ್ನ ಪುಟ್ಟಿ ಅನ್ನೋದು ಬಿಟ್ಟು ಬೇರೆ ಏನಾದ್ರೂ ಕರೆದಿದಾರಾ?”

“ಮತ್ತೆ ಯಾವ ಕೂಸು? ಈ ಮನೇಲಿ ಇನ್ಯಾರಿದಾರೆ?”

ಕೇಳುತ್ತಿದ್ದ ಹಾಗೆಯೇ ನನ್ನ ಹೊಟ್ಟೆಗೆ ಒಂದು ಮೊಣಕೈ ತಾಗಿದ ಹಾಗಾಯಿತು. ಗಟ್ಟಿ ಮೊಣಕೈ, ಒದ್ದೆ ತೋಳು. ನಾನು ಚಿಕ್ಕವಳಿದ್ದಾಗಿನ ಮಾತು, ತಂಗಿ ಇನ್ನೂ ಹುಟ್ಟಿರಲಿಲ್ಲ. ಅಪ್ಪ ಅಂಗಡಿ ಮುಚ್ಚಿ ಹಿಂದಿನ ಬಾಗಿಲಿಂದ ಬರುತ್ತಿದ್ದ, ಇನ್ನೂ ತೊಳೆಯದ ಎರಡು ಕೈಗಳನ್ನೂ ಮೇಲೆತ್ತಿಕೊಂಡು. ಬಾಗಿಲಿಂದಲೇ ಅಮ್ಮನನ್ನು ಕೇಳುತ್ತಿದ್ದ, “ಕೂಸು ಊಟ ಆಯ್ತಾ?” ಆಯಿತು ಎಂದು ಅಮ್ಮ ಹೇಳಿದರೂ ನಂಬುತ್ತಿರಲಿಲ್ಲ. ಬಗ್ಗಿ, ನನ್ನ ಬಟ್ಟೆಗೆ ರಕ್ತದ ಕೈ ತಾಗದಂತೆ, ಮೊಣಕೈಯಿಂದ ಹೊಟ್ಟೆ ಒತ್ತಿ ನೋಡುತ್ತಿದ್ದ. ತುಂಬಿದ್ದರೆ ಮಾತ್ರ ಕೈ ತೊಳೆದು ತಟ್ಟೆಯ ಮುಂದೆ ಕೂರುತ್ತಿದ್ದ. ನನಗೆ ಕಚಗುಳಿಯಾಗಿ ನಾನು ನೆಲದ ಮೇಲೆ ಉರುಳಾಡುತ್ತಿದ್ದೆ.

ತಂಗಿ ಹುಟ್ಟಿದ ದಿನ ಅಮ್ಮ ಹೇಳಿದ್ದಳು, “ಇನ್ಮೇಲೆ ಅವಳನ್ನ ಕೂಸು ಅನ್ಬೇಡಿ. ಅವಳೀಗ ದೊಡ್ಡೋಳು.” ಅಪ್ಪ ಆ ಮಾತನ್ನು ಪಾಲಿಸಿದ. ಆ ಹೆಸರನ್ನು ಬಿಟ್ಟ, ಹೊಸ ಮಗುವಿಗೂ ಅದನ್ನು ಕೊಡಲಿಲ್ಲ. ಕಾಯುವುದನ್ನು ಮಾತ್ರ ಬಿಡಲಿಲ್ಲ. ನಾನು ಮೊದಲ ತುತ್ತು ಬಾಯಿಗೆ ಇಡುವ ತನಕ ತಟ್ಟೆ ಮುಟ್ಟದೆ ಕೂರುತ್ತಿದ್ದದ್ದು ಉಪ್ಪಿನ ಪರೀಕ್ಷೆಗಲ್ಲ.

“ಅಕ್ಕ,” ಎಂದು ತಂಗಿ ಮೆಲ್ಲಗೆ ಕೇಳಿದಳು, “ನೀನು ಊಟ ಮಾಡಿ ಎಷ್ಟು ದಿನ ಆಯ್ತು?”

ನನಗೆ ನೆನಪಾಗಲಿಲ್ಲ.

ಅವಳು ಎದ್ದು ಜಾಗ ಬಿಟ್ಟಳು. ನಾನು ಮಂಚದ ಮೇಲೆ ಅಪ್ಪನ ಎದುರಿಗೆ ಕೂತೆ. ಕೋಸನ್ನು ಚಮಚದ ತುಂಬ ತೆಗೆದುಕೊಂಡು ನನ್ನ ಬಾಯಿಗೆ ಹಾಕಿಕೊಂಡೆ. ಆರಿ ತಣ್ಣಗಾಗಿತ್ತು. ಆದರೂ ರುಚಿಯಾಗಿತ್ತು, ಈರುಳ್ಳಿಯ ಸಿಹಿ, ಬೆಣ್ಣೆ, ಕೊನೆಯಲ್ಲಿ ಕಾಳುಮೆಣಸಿನ ಚುರುಕು. ಇಷ್ಟು ದಿನ ಬರೀ ನಾಲಿಗೆ ತುದಿಯಲ್ಲಿ ನೋಡಿದ್ದನ್ನು ಈಗ ನುಂಗಿದೆ, ಹೊಟ್ಟೆಯೊಳಗೆ ಹಸಿವು ಒಮ್ಮೆಲೇ ಎದ್ದು ನಿಂತಿತು. ಅಪ್ಪನ ಕಣ್ಣು ನನ್ನ ಗಂಟಲ ಮೇಲಿತ್ತು.

“ಕೂಸು ಊಟ ಮಾಡ್ತಿದೆ ಅಪ್ಪ,” ಎಂದೆ. ಅಳು ಬಂದು ಮಾತು ಒಡೆಯಿತು.

ಅವನು ಎಡ ಮೊಣಕೈಯನ್ನು ಹಾಸಿಗೆಯಿಂದ ಎತ್ತಿ ನನ್ನ ಕಡೆ ಚಾಚಿದ. ಎಟುಕಲಿಲ್ಲ. ನಾನೇ ಸ್ವಲ್ಪ ಮುಂದೆ ಸರಿದು ಕೂತೆ. ಮೊಣಕೈ ನನ್ನ ಹೊಟ್ಟೆಗೆ ತಾಗಿತು. ಅಲ್ಲೇ ಒಂದು ಗಳಿಗೆ ಇತ್ತು.

ಆಮೇಲೆ ಶಟರ್ ಮೇಲೆದ್ದಿತು. ನಾನು ಅರ್ಧ ಚಮಚ ಒಳಗಿಟ್ಟೆ. ಅಪ್ಪನ ಮುಖ ಕಿವುಚಿಕೊಂಡಿತು, ಹುಟ್ಟಿದಾಗಿನಿಂದ ಎಲೆಕೋಸು ಕಂಡರಾಗದವನ ಮುಖ.

“ಥೋ,” ಎಂದ.

ಆದರೆ ನುಂಗಿದ. ಗಂಟಲು ಏರಿ ಇಳಿದದ್ದನ್ನು ತಂಗಿಯೂ ನೋಡಿದಳು. ನಾನು ಇನ್ನೊಂದು ಚಮಚ ತುಂಬಿ ಅವನ ತುಟಿಯ ಹತ್ತಿರ ಒಯ್ದೆ. ತುಟಿ ಮುಚ್ಚಿತ್ತು. ಕಣ್ಣು ನನ್ನ ಮೇಲೆಯೇ.

“ಕೋಸು ಓಟ?”

ಚಮಚ ತಿರುಗಿಸಿ ನನ್ನ ಬಾಯಿಗೆ ಹಾಕಿಕೊಂಡೆ. ಅಪ್ಪ ಬಾಯಿ ತೆರೆದ.